ಹಳೆಯ ಜೀಪಿಗೆ ಜಿಪ್ಸಿಯ ಡಿಸ್ಕ್ ಬ್ರೇಕ್: ಅಳತೆಯಿಂದ ಏರ್ ತೆಗೆಯುವವರೆಗೆ

ಮಹೀಂದ್ರ ಸಿಜೆ3ಬಿ ಜೀಪಿನ ಮೂಲ ಬ್ರೇಕು 9 ಇಂಚಿನ ಡ್ರಮ್. ಒಣ ರಸ್ತೆಯಲ್ಲಿ 50 ಕಿ.ಮೀ. ವೇಗದ ಗಾಡಿಗೆ ಅದು ಸಾಕು. ತೊಂದರೆ ಶುರುವಾಗುವುದು ಹಳ್ಳ ದಾಟಿದ ಮೇಲೆ. ನೀರು ಹೊಕ್ಕ ಡ್ರಮ್ಮು ನಾಲ್ಕೈದು ಸಲ ಪೆಡಲ್ ಒತ್ತುವವರೆಗೆ ಹಿಡಿಯುವುದೇ ಇಲ್ಲ, ಹಿಡಿದಾಗ ಒಂದು ಚಕ್ರ ಮೊದಲು ಹಿಡಿದು ಗಾಡಿಯನ್ನು ಪಕ್ಕಕ್ಕೆ ಎಳೆಯುತ್ತದೆ. ಮಳೆಗಾಲದಲ್ಲಿ ಯಾದಗಿರಿ, ಜೇವರ್ಗಿ ಕಡೆಯ ಎರೆಮಣ್ಣು ಡ್ರಮ್ಮಿನೊಳಗೆ ಹೊಕ್ಕರೆ ಒಣಗಿ ಇಟ್ಟಿಗೆಯಂತಾಗುತ್ತದೆ. ಮುಂದಿನ ಎರಡು ಚಕ್ರಕ್ಕೆ ಮಾರುತಿ ಜಿಪ್ಸಿಯ ಡಿಸ್ಕ್ ಹಾಕಿದರೆ ಈ ಕಾಟ ಬಹುಪಾಲು ತಪ್ಪುತ್ತದೆ. ಹಿಂದಿನವು ಡ್ರಮ್ಮಾಗಿಯೇ ಇರಲಿ. ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಕ್ಕೆ ಬರುವುದರಿಂದ ಕೆಲಸದ ದೊಡ್ಡ ಪಾಲು ಮುಂದಿನ ಚಕ್ರಗಳದ್ದೇ. ಈ ಜೀಪಿನ ಹ್ಯಾಂಡ್ ಬ್ರೇಕು ಚಕ್ರಕ್ಕಲ್ಲ, ಟ್ರಾನ್ಸ್‌ಫರ್ ಕೇಸಿನ (ಮುಂದಿನ-ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆಯ) ಹಿಂದಿನ ಡ್ರಮ್ಮಿಗೆ ಹಿಡಿಯುವಂಥದ್ದು, ಆದ್ದರಿಂದ ಅದಕ್ಕೆ ಕೈ ಹಚ್ಚುವ ಅಗತ್ಯವೇ ಬೀಳುವುದಿಲ್ಲ.

ಇಲ್ಲಿ ಹೇಳುವುದು ಫೋರ್ ವ್ಹೀಲ್ ಜೀಪಿನ ಹಳೆಯ ಮುಂದಿನ ಆಕ್ಸಲ್ಲಿಗೆ, ಅಂದರೆ ನಕಲ್ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಕೀಲು) ಮುಚ್ಚಿದ ಗುಂಡಿನಂತಿದ್ದು ಸ್ಟಬ್ ಆಕ್ಸಲ್ಲೂ (ಹಬ್ ಕೂರುವ ಮೊಂಡು ದಂಡ) ಡ್ರಮ್ಮಿನ ಹಿಂದಿನ ತಟ್ಟೆಯೂ ಒಂದೇ ಆರು ಬೋಲ್ಟಿಗೆ ಕೂತಿರುವಂಥದ್ದಕ್ಕೆ. ಬೋಲ್ಟು ಆರಲ್ಲದಿದ್ದರೆ ಕೆಲಸದ ಕ್ರಮ ಇದೇ ಆದರೂ ಕೆಳಗೆ ಹೇಳುವ ಬ್ರಾಕೆಟ್ಟಿನ ಅಳತೆ ಬೇರೆ.

ಖರೀದಿಗೆ ಮೊದಲು

ಜಿಪ್ಸಿಯೇ ಏಕೆ? ಎರಡೂ ಗಾಡಿಗಳ ಚಕ್ರದ ಬೋಲ್ಟು ಐದು, ಬೋಲ್ಟಿನ ವೃತ್ತ 139.7 ಮಿ.ಮೀ., ಅಂದರೆ ಐದೂವರೆ ಇಂಚು. ಜಿಪ್ಸಿಯ ಡಿಸ್ಕು ಟೋಪಿಯಂತೆ ಹೊರಗಿನಿಂದ ಹಬ್ಬಿನ (ಚಕ್ರ ಕೂರುವ ತಿರುಗುವ ಭಾಗದ) ಮೇಲೆ ಕೂರುತ್ತದೆ, ಹೀಗಾಗಿ ಹಬ್ಬನ್ನೇ ಬದಲಿಸಬೇಕಿಲ್ಲ. ಜಿಪ್ಸಿ 15 ಇಂಚಿನ ರಿಮ್ಮಿನ ಗಾಡಿ. ಜೀಪಿನ 16 ಇಂಚಿನ ರಿಮ್ಮಿನೊಳಗೆ ಅದರ ಕ್ಯಾಲಿಪರಿಗೆ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗಕ್ಕೆ) ಜಾಗ ಸಿಗುತ್ತದೆ. ಆದರೂ ಒಮ್ಮೆ ಕೂರಿಸಿ ನೋಡದೆ ನಂಬಬೇಡಿ, ರಿಮ್ಮಿನ ನಡುತಟ್ಟೆಯ ಉಬ್ಬು ಒಂದೊಂದರಲ್ಲಿ ಒಂದೊಂದು ಥರ.

ಬೇಕಾದದ್ದು: ಡಿಸ್ಕ್ 2, ಕ್ಯಾರಿಯರ್ (ಕ್ಯಾಲಿಪರ್ ಹಿಡಿಯುವ ಚೌಕಟ್ಟು) ಸಮೇತ ಕ್ಯಾಲಿಪರ್ ಎಡ-ಬಲ ಜೋಡಿ, ಹೊಸ ಪ್ಯಾಡ್ ಒಂದು ಸೆಟ್, ಕ್ಯಾಲಿಪರ್ ಸೀಲ್ ಕಿಟ್ 2, ಜಿಪ್ಸಿಯದೇ ರಬ್ಬರ್ ಹೋಸ್ 2, ಟ್ಯಾಂಡಮ್ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳಿಗೆ ತಳ್ಳುವಂಥದ್ದು, ಎರಡು ದಾರಿಯದು) 1, 4.75 ಮಿ.ಮೀ. ಬ್ರೇಕ್ ಪೈಪು 6ರಿಂದ 7 ಮೀಟರ್, ಹಬ್ಬಿನ ಗ್ರೀಸ್ ಸೀಲ್ 2, ಹೊಸ ಚಕ್ರದ ಸ್ಟಡ್ 10, ಡಾಟ್ 4 ಬ್ರೇಕ್ ಆಯಿಲ್ ಒಂದೂವರೆ ಲೀಟರ್. ಕ್ಯಾಲಿಪರ್ ಗುಜರಿಯಿಂದ ತಂದರೂ ನಡೆಯುತ್ತದೆ, ಪಿಸ್ಟನ್ನಿನ ಮೇಲೆ ತುಕ್ಕಿನ ಚುಕ್ಕಿ ಇರಬಾರದಷ್ಟೆ. ಡಿಸ್ಕು, ಪ್ಯಾಡು, ಹೋಸು ಹೊಸದೇ ಬೇಕು. ಹಳೆಯ ಹೋಸು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡು ಒನ್ ವೇ ವಾಲ್ವಿನಂತಾಗಿರುತ್ತದೆ: ಒತ್ತಿದಾಗ ಆಯಿಲ್ ಹೋಗುತ್ತದೆ, ಬಿಟ್ಟಾಗ ಬರುವುದಿಲ್ಲ. ಕಲಬುರಗಿಯಲ್ಲಿ ಸಿಗದ ಸಾಮಾನಿಗೆ ಸಿಕಂದರಾಬಾದಿನ ರಾಣಿಗಂಜ್ ಮಾರುಕಟ್ಟೆ ದಾರಿ, ಬೀದರಿನವರಿಗಂತೂ ಅದು ಇನ್ನೂ ಹತ್ತಿರ.

ಕಾಗದದ ಮಾತನ್ನೂ ಇಲ್ಲೇ ಮುಗಿಸಿಬಿಡೋಣ. ಗಾಡಿಯಲ್ಲಿ ಮಾಡುವ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅನ್ವಯಿಸುತ್ತದೆ. ಕೆಲಸಕ್ಕೆ ಕೈ ಹಾಕುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿ, ವಿಮೆಯವರಿಗೂ ಬರವಣಿಗೆಯಲ್ಲಿ ತಿಳಿಸಿ. 50 ವರ್ಷ ಮೀರಿದ ಗಾಡಿಯನ್ನು 2021ರ ನಿಯಮದಂತೆ ವಿಂಟೇಜ್ ಎಂದು ನೋಂದಾಯಿಸುವ ಆಸೆ ಇದ್ದರೆ ಈ ಕೆಲಸವನ್ನೇ ಕೈಬಿಡಿ, ಆ ನಿಯಮ ಗಾಡಿ ಮೂಲರೂಪದಲ್ಲಿರಬೇಕು ಎನ್ನುತ್ತದೆ. ಬಿಚ್ಚಿದ ಡ್ರಮ್ಮು, ಹಿಂದಿನ ತಟ್ಟೆ, ಸಿಲಿಂಡರುಗಳನ್ನು ಗುಜರಿಗೆ ಹಾಕದೆ ಎಣ್ಣೆ ಸವರಿ ಕಟ್ಟಿಡಿ.

ಬಿಚ್ಚುವುದು

ನಮ್ಮ ಕಡೆ ಅಂಗಳಕ್ಕೆಲ್ಲ ಶಹಾಬಾದ್ ಫರಸಿ. ಅದರ ಮೇಲೆ ನೇರವಾಗಿ ಜಾಕ್ ಇಡಬೇಡಿ. ತಳ ಪೊಳ್ಳಾಗಿದ್ದರೆ ಫರಸಿ ಒಂದೇ ಏಟಿಗೆ ಸೀಳಿ ಗಾಡಿ ಕೂರುತ್ತದೆ. ಎರಡು ಇಂಚು ದಪ್ಪದ ಮರದ ಹಲಗೆ ಹಾಸಿ, ಆಕ್ಸಲ್ಲಿನ ಎರಡೂ ಬದಿಗೆ ಸ್ಟ್ಯಾಂಡ್ ಕೊಟ್ಟು, ಹಿಂದಿನ ಚಕ್ರಗಳಿಗೆ ಅಡ್ಡಗಲ್ಲು ಇಡಿ.

ಎಡಗಡೆಯ ಚಕ್ರದ ನಟ್ಟು ತಿರುಗದಿದ್ದರೆ ಪಾನಾಕ್ಕೆ ಪೈಪು ಹಾಕಿ ಜಗ್ಗುವ ಮೊದಲು ಸ್ಟಡ್ಡಿನ ತುದಿ ನೋಡಿ. ಈ ಜೀಪುಗಳ ಎಡ ಚಕ್ರಗಳಿಗೆ ಎಡ ಥ್ರೆಡ್ ಇರುತ್ತದೆ, ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಅರ್ಧ ಜನ ಸ್ಟಡ್ ಮುರಿದುಕೊಳ್ಳುವುದು ಇಲ್ಲಿಯೇ.

ಹಬ್ಬಿನ ಸಮೇತ ಡ್ರಮ್ ಹೊರಬಂದಾಗ ಒಳಗಿನ ಧೂಳನ್ನು ಕಂಪ್ರೆಸರ್ ಗಾಳಿಯಿಂದ ಊದಬೇಡಿ. ಹಳೆಯ ಲೈನರುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ. ನೀರು ಚಿಮುಕಿಸಿ ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಾಡಿ.

ಹಬ್ಬಿನ ಬೇರಿಂಗಿಗೆ ಎರಡು ದೊಡ್ಡ ನಟ್ಟು, ನಡುವೆ ಮಡಚಿದ ಲಾಕ್ ವಾಷರ್. ಅದಕ್ಕೆ 2 ಇಂಚು 1/16ರ ಬಾಕ್ಸ್ ಪಾನಾ ಬೇಕು. ಉಳಿ-ಸುತ್ತಿಗೆಯಲ್ಲಿ ಬಡಿದು ತಿರುಗಿಸಿದ ನಟ್ಟಿನ ಮೂಲೆ ಹಾಳಾದರೆ ಬೇರಿಂಗಿನ ಅಳತೆ ಮುಂದೆಂದೂ ಸರಿಯಾಗಿ ಕೂರದು. ಹಬ್ ಹೊರಬಂದ ಮೇಲೆ ನಕಲ್ಲಿನ ದೊಡ್ಡ ಸೀಲನ್ನೂ ಸ್ಟಬ್ಬಿನ ಬಾಯಿಯನ್ನೂ ನೋಡಿ. ಅಲ್ಲಿಂದ ಆಯಿಲ್ ಸೋರುತ್ತಿದ್ದರೆ ಅದನ್ನು ಮೊದಲು ನಿಲ್ಲಿಸಿ, ಇಲ್ಲದಿದ್ದರೆ ಹೊಸ ಪ್ಯಾಡು ವಾರದೊಳಗೆ ಎಣ್ಣೆ ಕುಡಿದಿರುತ್ತದೆ.

ಹಬ್ಬಿನಿಂದ ಡ್ರಮ್ ಬಿಡಿಸುವುದು

ಡ್ರಮ್ಮನ್ನು ಹಬ್ಬಿಗೆ ಹಿಡಿದಿರುವುದು ಚಕ್ರದ ಸ್ಟಡ್ಡುಗಳೇ. ಕಾರ್ಖಾನೆಯಲ್ಲಿ ಅವುಗಳ ಭುಜವನ್ನು ಅರಳಿಸಿ ಕೂರಿಸಿರುತ್ತಾರೆ. ಆ ಅರಳಿದ ಭಾಗವನ್ನು ಲೇತಿನಲ್ಲೋ ಟೊಳ್ಳು ಕಟ್ಟರಿನಲ್ಲೋ ತೆಗೆಯದೆ ಸುತ್ತಿಗೆಯಿಂದ ಹೊಡೆದರೆ ಹಬ್ಬಿನ ತೂತು ಅಗಲವಾಗುತ್ತದೆ, ಹೊಸ ಸ್ಟಡ್ ಅದರಲ್ಲಿ ಗಿರಗಿರ ತಿರುಗುತ್ತದೆ. ಕಲಬುರಗಿಯ ಕಪನೂರ, ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದ ಲೇತ್ ಅಂಗಡಿಗಳಿಗೆ ಇದು ದೊಡ್ಡ ಕೆಲಸವಲ್ಲ, ಆದರೆ ಹೀಗೆ ಮಾಡಬೇಕೆಂದು ನೀವೇ ಹೇಳಬೇಕು.

ಜೀಪಿನ ಸ್ಟಡ್ಡು ಅರ್ಧ ಇಂಚು, ಇಂಚಿಗೆ 20 ಥ್ರೆಡ್. ಜಿಪ್ಸಿಯದು ಎಂ12, ಪಿಚ್ 1.25. ಡಿಸ್ಕಿನ ತೂತಿಗೆ ಅರ್ಧ ಇಂಚಿನ ಸ್ಟಡ್ಡು ಬಿಗಿಯಾದರೆ ತೂತನ್ನು 13 ಮಿ.ಮೀ.ಗೆ ಡ್ರಿಲ್ ಮಾಡಿಸಿ. ನಟ್ಟು ಕನಿಷ್ಠ ಹತ್ತು ಸುತ್ತು ಹಿಡಿಯುವಷ್ಟು ಸ್ಟಡ್ಡಿನ ಉದ್ದ ಬೇಕು. ಹೊಸ ಸ್ಟಡ್ಡು ಎರಡೂ ಕಡೆ ಬಲ ಥ್ರೆಡ್ಡಿನದೇ ಹಾಕಿದರೂ ಅಡ್ಡಿಯಿಲ್ಲ, ಒಂದೇ ಹಬ್ಬಿನಲ್ಲಿ ಎರಡನ್ನೂ ಬೆರೆಸಬೇಡಿ.

ಡಿಸ್ಕಿನ ನಡುತೂತು ಹಬ್ಬಿನ ಮೂತಿಗಿಂತ ದೊಡ್ಡದಾಗಿ ಕಂಡರೆ ಅಷ್ಟಕ್ಕೇ ಬಿಟ್ಟು ಸ್ಟಡ್ಡಿನ ಮೇಲೆ ನೇತುಹಾಕಬೇಡಿ. ನಡುವಿನ ಸಂದಿಗೆ ಲೇತಿನಲ್ಲಿ ಕಬ್ಬಿಣದ ಉಂಗುರ ತಿರುಗಿಸಿ ಕೂರಿಸಿ. ಹಬ್ಬಿನ ಅಂಚು ಡಿಸ್ಕಿನ ಟೋಪಿಯ ಒಳಗೋಡೆಗೆ ತಾಗುತ್ತಿದ್ದರೆ ಸವೆಸಬೇಕಾದದ್ದು ಹಬ್ಬಿನ ಅಂಚನ್ನು, ಡಿಸ್ಕನ್ನಲ್ಲ.

ಬೇರಿಂಗ್ ತೊಳೆದು ಗ್ರೀಸ್ ತುಂಬಿ, ಹೊಸ ಸೀಲ್ ಹಾಕಿ ಹಬ್ ಕೂರಿಸಿ. ಹಬ್ಬನ್ನು ತಿರುಗಿಸುತ್ತಲೇ ಒಳನಟ್ಟನ್ನು ಅದು ಹಿಡಿಯುವವರೆಗೆ ಬಿಗಿದು, ಆಮೇಲೆ ಸುಮಾರು ಆರನೇ ಒಂದು ಸುತ್ತು ಹಿಂದಕ್ಕೆ ಬಿಡಿ. ಹಬ್ಬು ಸರಾಗ ತಿರುಗಬೇಕು, ಅಲುಗಬಾರದು. ಈಗ ಡಿಸ್ಕನ್ನು ಐದೂ ನಟ್ಟಿನಿಂದ ಬಿಗಿದು ಡಯಲ್ ಗೇಜ್ (ಸೂಕ್ಷ್ಮ ಓಲಾಟ ಅಳೆಯುವ ಮುಳ್ಳಿನ ಮಾಪಕ) ಹಿಡಿಯಿರಿ. ಡಿಸ್ಕಿನ ಓಲಾಟ 0.15 ಮಿ.ಮೀ. ಮೀರಬಾರದು. ಮೀರಿದರೆ ಡಿಸ್ಕನ್ನು ಒಂದೊಂದೇ ಸ್ಟಡ್ಡಿನಷ್ಟು ಸರಿಸಿ ಕೂರಿಸಿ ಮತ್ತೆ ಅಳೆಯಿರಿ. ಆದರೂ ಹೋಗದಿದ್ದರೆ ಹಬ್ಬಿನ ಮುಖವೇ ಓರೆ ಎಂದರ್ಥ, ಲೇತಿನಲ್ಲಿ ಒಂದು ತೆಳ್ಳನೆಯ ಕಟ್ ಕೊಡಿಸಿ.

ಬ್ರಾಕೆಟ್

ಜೀವ ಇರುವುದು ಇದರಲ್ಲಿ. ಹಳೆಯ ಹಿಂದಿನ ತಟ್ಟೆಯ ಜಾಗದಲ್ಲಿ ಕೂತು ಕ್ಯಾಲಿಪರನ್ನು ಹಿಡಿಯುವ ಪ್ಲೇಟು ಇದು. ನಾಲ್ಕು ಸೂತಿನ, ಅಂದರೆ 12 ಮಿ.ಮೀ. ದಪ್ಪದ ಎಂ.ಎಸ್. (ಮೈಲ್ಡ್ ಸ್ಟೀಲ್) ಪ್ಲೇಟಿನಲ್ಲಿ ಒಂದೇ ತುಂಡಾಗಿ ಕತ್ತರಿಸಿರಬೇಕು. ಎರಡು ತುಂಡು ವೆಲ್ಡ್ ಮಾಡಿದ ಬ್ರಾಕೆಟ್ ಬೇಡವೇ ಬೇಡ, ಬ್ರೇಕಿನ ಹೊಡೆತ ಪ್ರತಿ ಸಲವೂ ಬೀಳುವುದು ಆ ವೆಲ್ಡಿನ ಮೇಲೆಯೇ.

1. ಹಳೆಯ ತಟ್ಟೆಯನ್ನೇ ಅಚ್ಚಾಗಿ ಇಟ್ಟುಕೊಂಡು ನಡುತೂತನ್ನೂ ಆರು ಬೋಲ್ಟಿನ ತೂತುಗಳನ್ನೂ ಪ್ಲೇಟಿಗೆ ಇಳಿಸಿ. ನಡುತೂತು ಸ್ಟಬ್ಬಿನ ಭುಜದ ಮೇಲೆ ಕೈಯಿಂದ ತಳ್ಳಿದರೆ ಕೂರುವಷ್ಟು ಬಿಗಿ ಇರಬೇಕು. ಪ್ಲೇಟಿನ ಸ್ಥಾನ ಹಿಡಿಯುವುದು ಆ ತೂತು, ಬೋಲ್ಟುಗಳ ಕೆಲಸ ಒತ್ತಿ ಹಿಡಿಯುವುದಷ್ಟೆ.

2. ಪ್ಲೇಟು ಹಳೆಯ ತಗಡಿಗಿಂತ ದಪ್ಪ. ಹಳೆಯ ಬೋಲ್ಟು ನಾಲ್ಕೇ ಥ್ರೆಡ್ ಹಿಡಿಯುತ್ತದೆ. ದಪ್ಪ ಎಷ್ಟು ಹೆಚ್ಚಿದೆಯೋ ಅಷ್ಟೇ ಉದ್ದ ಹೆಚ್ಚಿರುವ ಹೈ ಟೆನ್ಸೈಲ್ ಬೋಲ್ಟು ತನ್ನಿ. ಸ್ಟಬ್ಬೂ ಪ್ಲೇಟಿನಷ್ಟೇ ಹೊರಗೆ ಸರಿಯುವಂತೆ ಜೋಡಣೆಯಾದರೆ ಒಳಗಿನ ಆಕ್ಸಲ್ಲಿನ ಜಾಗ ಬದಲಾಗುತ್ತದೆ. ಆದ್ದರಿಂದ ಹಳೆಯ ತಟ್ಟೆ ಎಲ್ಲಿತ್ತೋ ಅಲ್ಲಿಯೇ ಪ್ಲೇಟು ಕೂರಬೇಕು. ತಟ್ಟೆಯ ಹೊಂದಿಕೆಯ ಜಾಗದಲ್ಲಿ ಮಾತ್ರ ಪ್ಲೇಟನ್ನು ಹಳೆಯ ತಗಡಿನ ದಪ್ಪಕ್ಕೆ ತೆಳುಮಾಡಿಸುವುದು ಒಂದು ಉಪಾಯ.

3. ಮೊದಲು ದಪ್ಪ ರಟ್ಟಿನಲ್ಲಿ ಮಾದರಿ ಮಾಡಿ. ಪ್ಯಾಡ್ ಹಾಕಿದ ಕ್ಯಾಲಿಪರನ್ನು ಡಿಸ್ಕಿನ ಮೇಲೆ ಕೂರಿಸಿ, ಪ್ಯಾಡಿನ ಹೊರ ಅಂಚು ಡಿಸ್ಕಿನ ಅಂಚಿಗಿಂತ 1ರಿಂದ 2 ಮಿ.ಮೀ. ಒಳಗೆ ಬರುವಂತೆ ಹಿಡಿದು ತೂತು ಗುರುತಿಸಿ. ಪ್ಯಾಡು ಹೊರಚಾಚಿದರೆ ಸವೆಯದ ಅಂಚು ಕೊಕ್ಕೆಯಂತೆ ಉಳಿದು ಕಿರುಚುತ್ತದೆ.

4. ಕ್ಯಾರಿಯರ್ ಮತ್ತು ಡಿಸ್ಕಿನ ನಡುವಿನ ಸಂದಿ ಎರಡೂ ಬದಿಗೆ ಸಮ ಇರಬೇಕು, ಹೆಚ್ಚೆಂದರೆ ಅರ್ಧ ಮಿ.ಮೀ. ವ್ಯತ್ಯಾಸ. ಕಡಿಮೆ ಬಿದ್ದರೆ ಗಟ್ಟಿ ಉಕ್ಕಿನ ವಾಷರ್ ಕೊಡಿ, ಮೂರು-ನಾಲ್ಕು ಪೇರಿಸಬೇಡಿ.

5. ಏರ್ ತೆಗೆಯುವ ನಿಪ್ಪಲ್ಲು ಕ್ಯಾಲಿಪರಿನ ಅತಿ ಮೇಲಿನ ತುದಿಯಲ್ಲಿ ಬರಬೇಕು. ಎಡದ್ದು ಬಲಕ್ಕೆ ಹಾಕಿದರೆ ನಿಪ್ಪಲ್ಲು ಕೆಳಗಾಗುತ್ತದೆ, ಮೇಲೆ ಗಾಳಿ ಉಳಿಯುತ್ತದೆ, ಮೂರು ಲೀಟರ್ ಆಯಿಲ್ ಸುರಿದರೂ ಪೆಡಲ್ ಗಟ್ಟಿಯಾಗುವುದಿಲ್ಲ. ಈ ಕೆಲಸದಲ್ಲಿ ಇಷ್ಟು ಸಾಮಾನ್ಯವಾದ ತಪ್ಪು ಮತ್ತೊಂದಿಲ್ಲ.

ಬ್ರಾಕೆಟ್ ಕೂತ ಮೇಲೆ ಸ್ಟೀರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ. ಕ್ಯಾಲಿಪರು ಟೈ ರಾಡಿಗೆ, ಹೋಸು ಟಯರಿಗೆ ತಾಗಬಾರದು. ಎಂ10, 8.8 ದರ್ಜೆಯ ಬೋಲ್ಟಿಗೆ ಸುಮಾರು 45, ಎಂ12ಕ್ಕೆ ಸುಮಾರು 80 ನ್ಯೂಟನ್ ಮೀಟರ್ ಬಿಗಿ, ಜೊತೆಗೆ ಥ್ರೆಡ್ ಲಾಕರ್.

ಮಾಸ್ಟರ್ ಸಿಲಿಂಡರ್

ಡಿಸ್ಕ್ ಹಾಕಿ, ಮಾಸ್ಟರ್ ಸಿಲಿಂಡರನ್ನು ಹಳೆಯದನ್ನೇ ಬಿಟ್ಟು, "ಮೊದಲೇ ಚೆನ್ನಾಗಿತ್ತಲ್ಲ" ಎನ್ನುವವರೇ ಹೆಚ್ಚು. ಕಾರಣ ಸರಳ. ಡ್ರಮ್ಮಿನಲ್ಲಿ ತಿರುಗುವ ಡ್ರಮ್ಮೇ ಶೂವನ್ನು ತನ್ನೆಡೆಗೆ ಎಳೆದುಕೊಂಡು ಸ್ವಲ್ಪ ಕೆಲಸ ಪುಕ್ಕಟೆ ಮಾಡಿಕೊಡುತ್ತದೆ. ಡಿಸ್ಕಿಗೆ ಆ ಸಹಾಯ ಇಲ್ಲ. ಅದಕ್ಕೆ ಬೇಕಾದ್ದು ಹೆಚ್ಚು ಒತ್ತಡ.

ಹಳೆಯ ಮಾಸ್ಟರಿನ ಬೋರ್ 1 ಇಂಚು. ಕಾಲಿನ ಒತ್ತು 25 ಕಿಲೋ, ಪೆಡಲ್ಲಿನ ಸನ್ನೆ ಆರು ಪಟ್ಟು ಎಂದಿಟ್ಟುಕೊಂಡರೆ ಪಿಸ್ಟನ್ನಿನ ಮೇಲೆ 150 ಕಿಲೋ. 1 ಇಂಚಿನ ಬೋರಿನಲ್ಲಿ ಅದು ಚದರ ಸೆಂ.ಮೀ.ಗೆ ಸುಮಾರು 30 ಕಿಲೋ ಒತ್ತಡ. 7/8 ಇಂಚಿನಲ್ಲಿ 39. 3/4 ಇಂಚಿನಲ್ಲಿ 53. ಹಾಗಾದರೆ ಮುಕ್ಕಾಲು ಇಂಚೇ ಹಾಕಿಬಿಡೋಣವೆಂದರೆ ಪೆಡಲ್ ಅಷ್ಟೇ ಪಟ್ಟು ಕೆಳಗೆ ಹೋಗುತ್ತದೆ. ಕ್ಯಾಲಿಪರಿನ ಪಿಸ್ಟನ್ 51 ಮಿ.ಮೀ. ಇದ್ದು ಅರ್ಧ ಮಿ.ಮೀ. ಸರಿಯಬೇಕೆಂದರೆ ಎರಡಕ್ಕೂ ಸೇರಿ 2 ಮಿ.ಲೀ. ಆಯಿಲ್ ಬೇಕು. 7/8ರ ಮಾಸ್ಟರಿನಲ್ಲಿ ಅದಕ್ಕೇ ಪೆಡಲ್ ಸುಮಾರು 30 ಮಿ.ಮೀ. ಇಳಿಯುತ್ತದೆ. ಡಿಸ್ಕು ಓಲಾಡಿ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿ ಆ ಅರ್ಧ ಮಿ.ಮೀ. ಒಂದಾಯಿತೆಂದರೆ ಪೆಡಲ್ 60 ಮಿ.ಮೀ. ಕೆಳಗೆ. ಡಯಲ್ ಗೇಜಿಗೆ ಅಷ್ಟು ಒತ್ತಿ ಹೇಳಿದ್ದು ಇದಕ್ಕೇ. ಬೂಸ್ಟರ್ (ಕಾಲಿನ ಒತ್ತನ್ನು ಹೆಚ್ಚಿಸುವ ಸಾಧನ) ಇಲ್ಲದ ಜೀಪಿಗೆ 7/8 ಇಂಚೇ ಮಧ್ಯಮ ಮಾರ್ಗ. ಬೋರಿನ ಅಳತೆ ಸಾಮಾನ್ಯವಾಗಿ ಮಾಸ್ಟರಿನ ಮೈಮೇಲೆಯೇ ಅಚ್ಚಾಗಿರುತ್ತದೆ.

ಟ್ಯಾಂಡಮ್ಮೇ ಆಗಬೇಕು, ಎಂದರೆ ಮುಂದಕ್ಕೂ ಹಿಂದಕ್ಕೂ ಬೇರೆ ಬೇರೆ ದಾರಿ. ಹಳೆಯದರಲ್ಲಿ ಒಂದು ಪೈಪು ಒಡೆದರೆ ನಾಲ್ಕೂ ಚಕ್ರದ ಬ್ರೇಕು ಹೋಗುತ್ತಿತ್ತು. ಮುಂದಿನ ಚಕ್ರದಿಂದ ಓಡುವ ಸಣ್ಣ ಕಾರುಗಳ ಟ್ಯಾಂಡಮ್ಮು ಅನೇಕ ಸಲ ಕರ್ಣಕ್ಕೆ ಹಂಚಿದ್ದಿರುತ್ತದೆ, ಎಡ ಮುಂದು-ಬಲ ಹಿಂದು ಎಂದು. ಜೀಪಿಗೆ ಅಂಥದ್ದು ಬೇಡ.

ಎರಡು ಸೂಕ್ಷ್ಮ. ಡ್ರಮ್ಮಿನ ಮಾಸ್ಟರಿನ ಬಾಯಲ್ಲಿ ಪೈಪಿನಲ್ಲಿ ಸ್ವಲ್ಪ ಒತ್ತಡ ಉಳಿಸುವ ರೆಸಿಡ್ಯುಅಲ್ ವಾಲ್ವ್ ಇರುತ್ತದೆ. ಅದರಿಂದ ಬಂದ ಪೈಪನ್ನು ಡಿಸ್ಕಿಗೆ ಕೊಟ್ಟರೆ ಪ್ಯಾಡು ಬಿಡದೆ ಉಜ್ಜುತ್ತಲೇ ಇರುತ್ತದೆ. ಹಿಂದಿನ ಡ್ರಮ್ಮಿನ ದಾರಿಗೆ 10 ಪಿಎಸ್‌ಐ ವಾಲ್ವ್ ಸರಿ. ಜೀಪಿನ ಮಾಸ್ಟರು ನೆಲದಡಿಯಲ್ಲಿ, ಕ್ಯಾಲಿಪರಿಗಿಂತ ಕೆಳಗೆ ಇರುವುದಾದರೆ ಆಯಿಲ್ ಹಿಂದಿರುಗದಂತೆ ಮುಂದಿನ ದಾರಿಗೆ 2 ಪಿಎಸ್‌ಐ ವಾಲ್ವ್ ಬೇಕು. ಮಾಸ್ಟರನ್ನು ಮೇಲೆ ಎತ್ತಿ ಕೂರಿಸಿದರೆ ಅದು ಬೇಡ.

ಇನ್ನೊಂದು, ಪೆಡಲ್ಲಿನ ಖಾಲಿ ಆಟ ಅರ್ಧ ಇಂಚು ಇರಲೇಬೇಕು. ಪುಷ್ ರಾಡ್ (ಪೆಡಲ್ಲಿನಿಂದ ಮಾಸ್ಟರಿಗೆ ಹೋಗುವ ಕಡ್ಡಿ) ಬಿಗಿಯಾಗಿ ಪಿಸ್ಟನ್ನನ್ನು ಒತ್ತಿಕೊಂಡಿದ್ದರೆ ಮಾಸ್ಟರಿನೊಳಗಿನ ಸಣ್ಣ ತೂತು ಮುಚ್ಚಿ, ಬಿಸಿಯಾಗಿ ಉಬ್ಬಿದ ಆಯಿಲಿಗೆ ಹಿಂದಿರುಗಲು ದಾರಿ ಇರುವುದಿಲ್ಲ. ಮನೆಯಿಂದ ಹೊರಟಾಗ ಸರಿಯಿದ್ದ ಗಾಡಿ ಹುಮನಾಬಾದ್ ದಾಟುವಷ್ಟರಲ್ಲಿ ತಾನೇ ಬ್ರೇಕ್ ಹಿಡಿದು ನಿಲ್ಲುವುದು ಹೀಗೆ.

ಬೂಸ್ಟರ್ ಬೇಕೆಂದರೆ ಪೆಟ್ರೋಲ್ ಎಂಜಿನ್ನಿನಲ್ಲಿ ಇನ್‌ಲೆಟ್ ಮ್ಯಾನಿಫೋಲ್ಡಿನಿಂದ ವ್ಯಾಕ್ಯೂಮ್ ಸಿಗುತ್ತದೆ, ದಾರಿಯಲ್ಲಿ ಒನ್ ವೇ ವಾಲ್ವ್ ಹಾಕಿದರಾಯಿತು. ಥ್ರಾಟಲ್ ಇಲ್ಲದ ಡೀಸೆಲ್ಲಿಗೆ ಬೆನ್ನಿಗೆ ವ್ಯಾಕ್ಯೂಮ್ ಪಂಪ್ ಇರುವ ಬೊಲೆರೊ ಥರದ ಆಲ್ಟರ್ನೇಟರ್ ಬೇಕು. ಅದಕ್ಕೆ ಎಂಜಿನ್ ಆಯಿಲಿನ ಹೋಗುವ-ಬರುವ ಪೈಪು ಎರಡೂ ಕೊಡಬೇಕು, ಇಲ್ಲದಿದ್ದರೆ ಪಂಪು ಒಣಗಿ ಸುಡುತ್ತದೆ. ಕಾಲಿಗೆ ಶಕ್ತಿ ಇರುವವರು ಮೊದಲು ಬೂಸ್ಟರ್ ಇಲ್ಲದೆ ಓಡಿಸಿ ನೋಡುವುದೇ ಒಳ್ಳೆಯದು.

ಪೈಪು ಮತ್ತು ಏರ್

ಫ್ರಿಜ್ ರಿಪೇರಿಯವರ ತಾಮ್ರದ ಪೈಪು ಹಾಕಬೇಡಿ. ಬಗ್ಗುವುದು ಸುಲಭ, ಅಲುಗಿ ಅಲುಗಿ ಗಡುಸಾಗಿ ಬಾಯಿ ಸೀಳುವುದೂ ಅಷ್ಟೇ ಸುಲಭ. ಬ್ರೇಕಿನದೇ ಉಕ್ಕಿನ ಪೈಪು ತಂದು ಡಬಲ್ ಫ್ಲೇರ್ ಹೊಡೆಸಿ, ಅಂದರೆ ಪೈಪಿನ ಬಾಯಿಯನ್ನು ಎರಡು ಮಡಿಕೆಯಾಗಿ ಅರಳಿಸಿ. ಜೀಪಿನ ನಟ್ಟು 3/8 ಇಂಚು, 24 ಥ್ರೆಡ್. ಜಿಪ್ಸಿಯದು ಎಂ10, ಪಿಚ್ 1. ಇವೆರಡೂ ಎಷ್ಟು ಹತ್ತಿರವೆಂದರೆ 3/8ರ ನಟ್ಟು ಎಂ10ರ ತೂತಿಗೆ ಸಲೀಸಾಗಿ ಇಳಿಯುತ್ತದೆ, ಬಿಗಿದಂತೆಯೂ ಅನಿಸುತ್ತದೆ, ಜೋರಾಗಿ ಬ್ರೇಕ್ ಒತ್ತಿದ ದಿನ ಥ್ರೆಡ್ ಕಿತ್ತು ಹೊರಬರುತ್ತದೆ. ನಟ್ಟನ್ನು ಥ್ರೆಡ್ ಗೇಜಿನಿಂದ ನೋಡಿ, ಬೇಕಾದಲ್ಲಿ ಅಡಾಪ್ಟರ್ ಹಾಕಿ.

ಆಯಿಲ್ ಡಾಟ್ 4 ಇರಲಿ. ಹೊಸದಿದ್ದಾಗ ಅದರ ಕುದಿಬಿಂದು ಕನಿಷ್ಠ 230 ಡಿಗ್ರಿ, ಗಾಳಿಯ ತೇವ ಹೀರಿದ ಮೇಲೆ 155ಕ್ಕೆ ಇಳಿಯಬಹುದು. ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಎರಡು ವರ್ಷ ಹಳೆಯ ಆಯಿಲನ್ನು ನೆಚ್ಚಬೇಡಿ. ಬಾಯಿ ತೆರೆದ ಡಬ್ಬಿಯಲ್ಲಿ ಉಳಿದದ್ದನ್ನು ಮುಂದಿನ ಸಲಕ್ಕೆ ಇಡಬೇಡಿ. ಬಣ್ಣದ ಮೇಲೆ ಬಿದ್ದರೆ ಕೂಡಲೇ ನೀರು ಸುರಿಯಿರಿ.

ಮಾಸ್ಟರನ್ನು ಗಾಡಿಗೆ ಹಾಕುವ ಮೊದಲೇ ವೈಸಿನಲ್ಲಿ ಹಿಡಿದು ಅದರ ಗಾಳಿ ತೆಗೆಯಿರಿ. ಆಮೇಲೆ ದೂರದ ಚಕ್ರದಿಂದ ಹತ್ತಿರಕ್ಕೆ ಬನ್ನಿ: ಎಡ ಹಿಂದು, ಬಲ ಹಿಂದು, ಎಡ ಮುಂದು, ಬಲ ಮುಂದು. ಒಬ್ಬರು ನಿಧಾನವಾಗಿ ಪೆಡಲ್ ಒತ್ತಿ ಹಿಡಿಯಲಿ, ಇನ್ನೊಬ್ಬರು ನಿಪ್ಪಲ್ ಬಿಚ್ಚಿ ಮುಚ್ಚಲಿ. ನಿಪ್ಪಲ್ ಮುಚ್ಚುವ ಮೊದಲು ಪೆಡಲ್ ಬಿಟ್ಟರೆ ಹೊರಬಂದ ಗಾಳಿ ಹಾಗೆಯೇ ಒಳಗೆ ಹೋಗುತ್ತದೆ.

ಮೊದಲ ಓಟ

ಗಾಡಿ ನಿಂತಲ್ಲೇ ಇರುವಾಗ ಪೆಡಲನ್ನು ಒಂದು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಇನ್ನೊಬ್ಬರು ಟಾರ್ಚ್ ಹಿಡಿದು ಪ್ರತಿ ನಟ್ಟನ್ನೂ ಬೆರಳಿನಿಂದ ಮುಟ್ಟಿ ನೋಡಲಿ. ಪೆಡಲ್ ಮೆಲ್ಲಗೆ ಮುಳುಗಿದರೂ ಎಲ್ಲೂ ಸೋರದಿದ್ದರೆ ಮಾಸ್ಟರಿನ ಒಳಗಿನ ಸೀಲ್ ಹೋಗಿದೆ. ಬೂಸ್ಟರ್ ಇದ್ದರೆ ಎಂಜಿನ್ ಆರಿಸಿ ನಾಲ್ಕೈದು ಸಲ ಒತ್ತಿ, ಒತ್ತಿ ಹಿಡಿದಂತೆಯೇ ಸ್ಟಾರ್ಟ್ ಮಾಡಿ. ಪೆಡಲ್ ಚೂರು ಇಳಿದರೆ ಬೂಸ್ಟರ್ ಸರಿ.

ಬಯಲಿನ ಮಣ್ಣುದಾರಿಯಲ್ಲಿ 20 ಕಿ.ಮೀ. ವೇಗದಿಂದ ಜೋರಾಗಿ ಒತ್ತಿ, ಯಾವ ಚಕ್ರ ಮೊದಲು ನಿಲ್ಲುತ್ತದೆ ಎಂದು ಹೊರಗೆ ನಿಂತವರು ನೋಡಲಿ. ಮುಂದಿನದು ಮೊದಲು ನಿಲ್ಲಬೇಕು. ಹಿಂದಿನದು ಮೊದಲು ನಿಂತರೆ ಗಾಡಿ ಬಾಲ ತಿರುಗಿಸುತ್ತದೆ, ಹಿಂದಿನ ಪೈಪಿಗೆ ಒತ್ತಡ ಇಳಿಸುವ ವಾಲ್ವ್ ಹಾಕದೆ ಡಾಂಬರಿಗೆ ಹೋಗಬೇಡಿ. ಆಮೇಲೆ ಖಾಲಿ ರಸ್ತೆಯಲ್ಲಿ 60ರಿಂದ 20ಕ್ಕೆ ಹತ್ತು ಸಲ, ನಡುವೆ ಅರ್ಧ ಕಿಲೋಮೀಟರ್ ಬಿಟ್ಟು, ಪೂರ್ತಿ ನಿಲ್ಲಿಸದೆ ಇಳಿಸಿ. ಬಿಸಿ ಡಿಸ್ಕಿನ ಮೇಲೆ ಪ್ಯಾಡ್ ಒತ್ತಿ ನಿಲ್ಲಿಸಿದರೆ ಅಲ್ಲೊಂದು ಮಚ್ಚೆ ಉಳಿದು ಪೆಡಲ್ ನಡುಗತೊಡಗುತ್ತದೆ. 100 ಕಿ.ಮೀ. ಆದ ಮೇಲೆ ಬ್ರಾಕೆಟ್ಟಿನ ಬೋಲ್ಟು, ಚಕ್ರದ ನಟ್ಟು, ಬೇರಿಂಗಿನ ಆಟ ಮೂರನ್ನೂ ಮತ್ತೆ ನೋಡಿ.

ಒಂದು ಬದಿಯ ಡಿಸ್ಕ್ ಇನ್ನೊಂದಕ್ಕಿಂತ ಬಹಳ ಬಿಸಿಯಾದರೆ ಕ್ಯಾಲಿಪರಿನ ಜಾರುವ ಪಿನ್ನು ಅಂಟಿಕೊಂಡಿದೆ. ಪಿನ್ನಿಗೆ ಬ್ರೇಕಿನದೇ ಸಿಲಿಕೋನ್ ಗ್ರೀಸು, ಬೇರಿಂಗಿನ ಗ್ರೀಸಲ್ಲ. ಎರಡೂ ಬದಿ ಬಿಸಿಯಾದರೆ ಪುಷ್ ರಾಡಿನ ಆಟ ಅಥವಾ ರೆಸಿಡ್ಯುಅಲ್ ವಾಲ್ವಿನ ಕಡೆ ನೋಡಿ. ಗಾಡಿ ಒಂದೆಡೆ ಎಳೆದರೆ ಎಣ್ಣೆ ಕುಡಿದ ಪ್ಯಾಡೋ ಹಳೆಯ ಹೋಸೋ ಕಾರಣ. ಬ್ರೇಕ್ ಬಿಗಿ ಬಂದರೂ ಗಾಡಿ ಜಾರಿಕೊಂಡೇ ಹೋದರೆ ದೋಷ ಬ್ರೇಕಿನದಲ್ಲ, 6.00-16ರ ಸಣ್ಣ ನೈಲಾನ್ ಟಯರಿನದು. ಕೆಸರಿನ ಹೊಲದಿಂದ ಬಂದ ದಿನ ಮಾತ್ರ ಕ್ಯಾಲಿಪರಿನ ಸಂದಿಗೆ ನೀರು ಬಿಟ್ಟು ಎರೆಮಣ್ಣು ತೊಳೆದುಬಿಡಿ, ಒಣಗಲು ಬಿಟ್ಟರೆ ಅದು ಡಿಸ್ಕಿನ ಮೇಲೆ ಗೀರು ಹೊಡೆಯುತ್ತದೆ. ಡಿಸ್ಕು 8.5 ಮಿ.ಮೀ.ಗೆ ಸವೆದರೆ ಲೇತಿಗೆ ಒಯ್ಯಬೇಡಿ, ಬದಲಿಸಿ.